ಇಪ್ಪತ್ತನಾಲ್ಕು ಕೆಜಿಯ ಮಯೂರಶರ್ಮ

ಶಿಕಾರಿಪುರದ ಮಾರುಕಟ್ಟೆ ಯಾರ್ಡಿನಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ ತೀರ್ಥೇಶನಿಗೆ ಈ ಭೂಮಿಯ ಮೇಲೆ ಬಾರದ ವಿದ್ಯೆ ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಹುಟ್ಟಿದಾಗ ಸೂಲಗಿತ್ತಿ ಬೆನ್ನು ತಟ್ಟುವ ಮೊದಲೇ ಅತ್ತು ಮುಗಿಸಿ, ಅವಳಿಗೇ ಎರಡು ಬುದ್ಧಿಮಾತು ಹೇಳಿದ್ದನಂತೆ. ಅಂಥವನು ಕಳೆದ ನವೆಂಬರಿನಲ್ಲಿ ಮೂರು ದಿನ, ಬರೋಬ್ಬರಿ ಮೂರು ದಿನ, ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ. ನಾಲ್ಕನೆಯ ದಿನ ಅವನನ್ನು ಹುಡುಕಿಕೊಂಡು ಜೀಪು ಬಂತು. ಅಭ್ಯಾಸವಿಲ್ಲದ ಒಳ್ಳೆಯ ಗುಣವನ್ನು ನಲವತ್ತು ದಾಟಿದ ಮೇಲೆ ಏಕಾಏಕಿ ಶುರು ಮಾಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ತಾಲ್ಲೂಕಿನಲ್ಲಿ ಸಿಗುವುದಿಲ್ಲ.

ಎಲ್ಲದರ ಮೂಲ, ಮಗಳು ನಾಗಶ್ರೀಯ ಶಾಲೆಯಲ್ಲಿ ಮಂಗಳವಾರ ನಡೆದ ಪೋಷಕರ ಸಭೆ. ನಾಲ್ಕನೆಯ ಕ್ಲಾಸಿನ ವಾಣಿಶ್ರೀ ಟೀಚರು ಎದ್ದು ನಿಂತು, ಬರುವ ಶನಿವಾರ ಮಕ್ಕಳನ್ನೆಲ್ಲ ತಾಳಗುಂದಕ್ಕೆ ಕರೆದೊಯ್ದು, ಅಲ್ಲಿ ದೇವಸ್ಥಾನದ ಎದುರಿನ ಶಾಸನದ ಕಂಬದ ಮುಂದೆಯೇ ಮಯೂರಶರ್ಮನ ಕಥೆ ಆಡಿಸುವುದಾಗಿ ಹೇಳಿದರು. ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ತಾಳಗುಂದದಿಂದ ಕಂಚಿಗೆ ಓದಲು ಹೋದ ಹುಡುಗ, ಅಲ್ಲಿ ಪಲ್ಲವರ ಕುದುರೆ ಕಾವಲಿನವನ ಜೊತೆ ಜಗಳವಾಡಿಕೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು, ಕೊನೆಗೆ ಅದೇ ಪಲ್ಲವರಿಂದ ಪಟ್ಟ ಕಟ್ಟಿಸಿಕೊಂಡು ಕದಂಬರ ಮೊದಲನೆಯ ರಾಜನಾದದ್ದು. ಮಯೂರಶರ್ಮನ ಪಾತ್ರ ನಾಗಶ್ರೀಗೆ. ಪಟ್ಟ ಕಟ್ಟುವ ಪಲ್ಲವ ರಾಜನ ಪಾತ್ರ, ಗೊಬ್ಬರದ ಅಂಗಡಿ ಲೋಕೇಶನ ಮಗಳು ಮಾಸ್ತಮ್ಮನಿಗೆ. ಅಜ್ಜಿಯ ಹೆಸರು ಹೊತ್ತಿದ್ದರೂ ಆ ಮಾಸ್ತಮ್ಮನಿಗೆ ವಯಸ್ಸು ಎಂಟೇ.

"ಬಟ್ಟೆ ಮಾತ್ರ ಆ ಕಾಲದ್ದೇ ಆಗಿರ್ಬೇಕು," ಎಂದರು ಟೀಚರು. "ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಜಯಪ್ಪ ಸರ್ ಬಂದು ನೋಡ್ತಾರೆ. ನಾಗಶ್ರೀ ಬಟ್ಟೆ ಸರಿ ಇಲ್ಲ ಅಂದ್ರೆ ಅವಳ ಪಾತ್ರನೂ ಮಾಸ್ತಮ್ಮನೇ ಮಾಡ್ತಾಳೆ. ಅವಳಿಗೂ ಮಾತು ಬಾಯಿಪಾಠ ಐತೆ."

ಲೋಕೇಶ ಕಾಲಮೇಲೆ ಕಾಲು ಹಾಕಿದ. "ನಾನು ಶಿವಮೊಗ್ಗದಿಂದ ವೆಲ್ವೆಟ್ ಡ್ರೆಸ್ಸು ತರಿಸ್ತಾ ಇದೀನಿ ಟೀಚರೆ. ತೀರ್ಥೇಶಣ್ಣ, ನಿಮ್ಮ ಮಗಳಿಗೂ ಒಂದು ತರಿಸ್ಲಾ? ಹೋದ ವರ್ಷದ್ದು ನಾವು ಯಾರೂ ಮರ್ತಿಲ್ಲ."

ಸಭೆಯಲ್ಲಿ ನಗೆಯ ಒಂದು ಅಲೆ ಎದ್ದಿತು. ಹೋದ ವರ್ಷದ್ದು ಏನೆಂದರೆ, ಮಗಳಿಗೆ ಗಿಳಿಯ ವೇಷ ನಾನೇ ಮಾಡುತ್ತೇನೆಂದು ಹೊರಟ ತೀರ್ಥೇಶ, ಯಾರ್ಡಿನ ಹಸಿರು ಚೀಲ ಕತ್ತರಿಸಿ, ಅದರ ಮೇಲೆ ಹಳದಿ ಗುಂಡಿಗಳನ್ನು ಸಾಲಾಗಿ ಅಂಟಿಸಿ, ತಲೆಗೊಂದು ಜುಟ್ಟು ಕಟ್ಟಿ ಕಳಿಸಿದ್ದ. ಬಂದಿದ್ದ ಮುಖ್ಯ ಅತಿಥಿಗಳು ಮೈಕಿನಲ್ಲಿ, "ಮೆಕ್ಕೆಜೋಳದ ತೆನೆಯಾಗಿ ಅದ್ಭುತ ಅಭಿನಯ ನೀಡಿದ ನಾಗಶ್ರೀಗೆ ಸಮಾಧಾನಕರ ಬಹುಮಾನ" ಎಂದು ಕೂಗಿದ್ದರು. ನಾಗಶ್ರೀ ಅಳಲಿಲ್ಲ. ಮನೆಗೆ ಬಂದು ಆ ವೇಷವನ್ನು, ಅಪ್ಪ ಕೂತು ಕಾಫಿ ಕುಡಿಯುವ ಕುರ್ಚಿಯ ಎದುರಿನ ಗೋಡೆಯ ಮೊಳೆಗೆ ನೇತುಹಾಕಿದಳು. ಅದು ವರ್ಷದಿಂದ ಅಲ್ಲೇ ಇತ್ತು. ಅವಳು ತೆಗೆಯಲೂ ಇಲ್ಲ, ತೆಗೆಯಲು ಬಿಡಲೂ ಇಲ್ಲ. ತೀರ್ಥೇಶ ದಿನಕ್ಕೆ ಎರಡು ಸಲ ಆ ತೆನೆಯನ್ನು ನೋಡುತ್ತ ಕಾಫಿ ಕುಡಿಯುತ್ತಿದ್ದ. ಸಕ್ಕರೆ ಎಷ್ಟು ಹಾಕಿದರೂ ಸಿಹಿ ಆಗುತ್ತಿರಲಿಲ್ಲ.

ಅವನು ಎದ್ದು ನಿಂತ. "ಬಾಡಿಗೆ ಬಟ್ಟೆ ನಮಗೆ ಯಾಕ್ರಿ? ಕದಂಬರು ಆಳ್ತಿದ್ದಾಗ ನಮ್ಮನೆಯೋರು ಇದೇ ಮಣ್ಣಾಗೆ ಉಳ್ತಿದ್ರು. ಆ ಕಾಲದ ಬಟ್ಟೆ ಹೆಂಗಿತ್ತು ಅನ್ನೋದು ನಮ್ಮ ರಕ್ತದಾಗೇ ಐತೆ. ಶನಿವಾರ ನೋಡ್ರಿ."

ಹಿಂದಿನ ತಿಂಗಳ ಪರೀಕ್ಷೆಯ ಪ್ರಕಾರ ಅವನ ರಕ್ತದಲ್ಲಿ ಇದ್ದದ್ದು ಸ್ವಲ್ಪ ಸಕ್ಕರೆ ಮಾತ್ರ. ಆದರೆ ಸಭೆ ಚಪ್ಪಾಳೆ ತಟ್ಟಿತು, ಮಾತು ಆಡಿ ಆಗಿತ್ತು.

ಮನೆಗೆ ಬಂದಾಗ ನಾಗಶ್ರೀ ಹೋಂವರ್ಕು ಬರೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅಪ್ಪ, ಈ ಸಲ ನನ್ನ ಯಾವ ಬೆಳೆ ಮಾಡ್ತೀಯ? ಭತ್ತನಾ, ರಾಗಿನಾ?"

"ಮಗಳೆ, ಈ ಸಲ ತಪ್ಪಿದ್ರೆ ಆ ತೆನೆ ವೇಷ ನಾನು ಹಾಕ್ಕೊಂಡು ಒಂದು ವಾರ ಕಾಟಾದಾಗೆ ಕೂರ್ತೀನಿ."

"ಬರ್ದು ಕೊಡು."

ತೀರ್ಥೇಶ ಜೇಬಿನಲ್ಲಿದ್ದ ತೂಕದ ಚೀಟಿಯ ಹಿಂದೆ ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕಿ ಕೊಟ್ಟ. ನಾಗಶ್ರೀ ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಮುಚ್ಚಿದಳು. ಮುಚ್ಚಿದ ಸದ್ದು ಅವನಿಗೆ ಜೈಲಿನ ಬಾಗಿಲಿನ ಹಾಗೆ ಕೇಳಿಸಿತು.

ಅಂದೇ ಅವನು ಎರಡು ತೀರ್ಮಾನ ಮಾಡಿದ. ಒಂದು, ಲೋಕೇಶನಿಗೆ ಸುಳಿವು ಸಿಕ್ಕರೆ ಅವನು ಇದಕ್ಕಿಂತ ಜೋರಾದದ್ದನ್ನು ತರುತ್ತಾನೆ, ಆದ್ದರಿಂದ ಶನಿವಾರದವರೆಗೆ ಬಾಯಿ ಬಿಡಬಾರದು. ಎರಡು, ರಾಜನೆಂದರೆ ರೇಷ್ಮೆ. ಅವನ ಮನೆಯಲ್ಲಿ ರೇಷ್ಮೆ ಎಂಬುದು ಒಂದೇ ಕಡೆ ಇತ್ತು, ಹೆಂಡತಿ ಶ್ರೀಲತಾಳ ಟ್ರಂಕಿನ ತಳದಲ್ಲಿ, ಬೇವಿನ ಸೊಪ್ಪಿನ ನಡುವೆ, ಹನ್ನೊಂದು ವರ್ಷದಿಂದ ಮಡಿಕೆ ಮುರಿಯದೆ ಮಲಗಿದ್ದ ಅವಳ ಧಾರೆ ಸೀರೆ. ಅರಿಶಿನದ ಮೈ, ಕೆಂಪು ಅಂಚು. ಅದನ್ನು ಕೇಳಿ ತೆಗೆದುಕೊಳ್ಳುವಷ್ಟು ಧೈರ್ಯ ಮಯೂರಶರ್ಮನಿಗೂ ಇರುತ್ತಿರಲಿಲ್ಲ. ತೀರ್ಥೇಶ ಕೇಳದೆ ತೆಗೆದುಕೊಂಡ.

ಬುಧವಾರ ಬೆಳಿಗ್ಗೆ ಅವನು ಸೀರೆಯನ್ನು ಪೇಪರಿನಲ್ಲಿ ಸುತ್ತಿ, ಟೈಲರ್ ಸಣ್ಣಪ್ಪನ ಅಂಗಡಿಗೆ ಹಿಂಬಾಗಿಲಿನಿಂದ ನುಗ್ಗಿದ. ಮುಂಬಾಗಿಲಿನ ಎದುರಿಗೇ ಲೋಕೇಶನ ಗೊಬ್ಬರದ ಅಂಗಡಿ.

"ಯಾರಿಗೆ?" ಎಂದ ಸಣ್ಣಪ್ಪ, ಕನ್ನಡಕ ಹಣೆಗೇರಿಸಿ.

"ನಮ್ಮ ನಾಗಶ್ರೀಗೆ. ಯಾರಿಗೂ ಹೇಳ್ಬ್ಯಾಡ. ಶನಿವಾರ ಹತ್ತೂವರೆ ಒಳಗೆ ಮೈಮೇಲೆ ಇರ್ಬೇಕು."

"ಎಲ್ಲಿ ಕಾರ್ಯ?"

"ತಾಳಗುಂದದ ದೇವಸ್ಥಾನದ ಮುಂದೆ. ನೋಡು, ಈ ಮಾತು ಹೊರಗೆ ಬಿದ್ರೆ ಎಲ್ಲ ಕೆಟ್ಟು ಹೋಗುತ್ತೆ. ನನ್ನ ಹೆಂಡತಿಗೂ ಗೊತ್ತಿಲ್ಲ."

ಸಣ್ಣಪ್ಪ ಪೇಪರು ಬಿಚ್ಚಿದ. ಅಂಚು ನೋಡಿದ, ಸೆರಗು ನೋಡಿದ, ಸೆರಗಿನ ತುದಿಯಲ್ಲಿ ಹನ್ನೊಂದು ವರ್ಷದ ಹಿಂದಿನ ಧಾರೆಯ ಅಕ್ಷತೆಯ ಒಂದು ಕಾಳು ಇನ್ನೂ ಅಂಟಿಕೊಂಡಿದ್ದನ್ನು ನೋಡಿದ. ಅವನ ಮುಖ, ಬೇಸಿಗೆಯ ಕೆರೆಯ ಹಾಗೆ ನಿಧಾನವಾಗಿ ಇಳಿಯಿತು.

"ಇದು ಧಾರೆ ಸೀರೆ ಅಲ್ಲೇನ್ರಿ?"

"ಹೂಂ. ಅದಕ್ಕೇ ತಂದಿದ್ದು. ಅಳತೆ ಬರ್ಕೋ, ಇಪ್ಪತ್ನಾಲ್ಕು ಕೆಜಿ, ಆರುನೂರು ಗ್ರಾಂ."

"ನಂಗೆ ಇಂಚು ಬೇಕು ಕಣ್ರಿ."

"ಇಂಚು ನೀನು ಲೆಕ್ಕ ಹಾಕ್ಕೋ. ನನ್ನ ಕಣ್ಣು ಗ್ರಾಂ ತಪ್ಪಲ್ಲ." ತೀರ್ಥೇಶ ಹಿಂಬಾಗಿಲಿನಿಂದಲೇ ಮಾಯವಾದ.

ಸಣ್ಣಪ್ಪ ಬಹಳ ಹೊತ್ತು ಕತ್ತರಿ ಹಿಡಿದುಕೊಂಡು ಕೂತಿದ್ದ. ಒಂಬತ್ತು ವರ್ಷದ ಮಗು. ಧಾರೆ ಸೀರೆ. ದೇವಸ್ಥಾನ. ಹೆಂಡತಿಗೂ ಗೊತ್ತಿಲ್ಲ. ಆಮೇಲೆ ಕತ್ತರಿಯನ್ನು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದ.

ಗುರುವಾರ ತೀರ್ಥೇಶ ರಜೆ ಹಾಕಿ ಸೊರಬದ ಬಸ್ಸು ಹತ್ತಿದ. ರಾಜನಿಗೆ ತಲೆಗೆ ಏನಾದರೂ ಬೇಕಲ್ಲ. ಸೊರಬದಲ್ಲಿ ಬೆಂಡಿನ ಕೆಲಸ ಮಾಡುವ ಗುಡಿಗಾರರ ಮನೆಗಳಿವೆ, ಅವರ ಕೈಯಲ್ಲಿ ಬೆಂಡು ಬೆಣ್ಣೆಯಾಗುತ್ತದೆ ಎಂದು ಕೇಳಿದ್ದ. ಶೇಷಮ್ಮ ಎಂಬ ಹಿರಿಯಾಕೆ ಜಗುಲಿಯಲ್ಲಿ ಕೂತು, ಬಿಳಿ ಬೆಂಡನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಸುಲಿಯುತ್ತಿದ್ದರು.

"ಒಂಬತ್ತು ವರ್ಷದ ತಲೆಗೆ ಒಂದು ಕಿರೀಟ ಬೇಕಾಗಿತ್ತು," ಎಂದ ತೀರ್ಥೇಶ.

"ಕಿರೀಟ ಎಲ್ಲ ನಾಟಕದವ್ರ ಹತ್ರ ಸಿಗ್ತದೆ ಮಾರಾಯ್ರೆ. ನಾ ಮಾಡೂದು ಬಾಸಿಂಗ."

ಬಾಸಿಂಗವನ್ನು ಮದುವೆಯಲ್ಲಿ ಹಣೆಗೆ ಕಟ್ಟುತ್ತಾರೆ ಎಂದು ತೀರ್ಥೇಶನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಅವನೂ ಕಟ್ಟಿಕೊಂಡವನೇ. ಆದರೆ ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದವನು, ಬಂದದ್ದು ತಪ್ಪು ಮನೆಗೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದು ತಿಳಿದವನು. ಅಲ್ಲದೆ ಗೋಡೆಯ ಮೇಲಿದ್ದ ಬಾಸಿಂಗಗಳು ನಕ್ಷತ್ರ ಕಿತ್ತು ತಂದು ಅಂಟಿಸಿದ ಹಾಗಿದ್ದವು.

"ಹಾಂ, ಬಾಸಿಂಗನೇ. ಕಿರೀಟ ಅಂದಿದ್ದು ಸುಮ್ನೆ ನಿಮ್ಮನ್ನ ಪರೀಕ್ಷೆ ಮಾಡಾಕೆ. ಸಣ್ಣದು ಒಂದು ಕೊಡ್ರಿ."

ಶೇಷಮ್ಮನ ಕೈ ನಿಂತಿತು. "ಒಂದನ್ನ? ಎಂತ ಮಾತು ಆಡ್ತ್ರಿ. ನಮ್ಮ ಮಾವನ ಕಾಲದಿಂದ ಈ ಜಗುಲಿಯಿಂದ ಒಂಟಿ ಬಾಸಿಂಗ ಇಳಿದದ್ದಿಲ್ಲ. ಜೋಡಿ ಒಯ್ದ್ರೆ ಕೊಡ್ತೆ, ಇಲ್ದಿದ್ರೆ ಇಲ್ಲ. ಮತ್ತೆ, ಜೋಡಿನ ಬೇರೆ ಮಾಡೂಕಿಲ್ಲ. ಎರಡೂ ಒಂದೇ ದಿನ, ಒಂದೇ ಜಾಗದಲ್ಲಿ ಕಟ್ಟಬೇಕು. ಆತು ಅಂತ ಹೇಳಿ."

"ಆತು," ಎಂದ ತೀರ್ಥೇಶ.

"ಇನ್ನೊಂದು ತಲೆಗೆ ಎಷ್ಟು ವರ್ಷ?"

"ಅದೂ ಅಷ್ಟೇ ಇರ್ಲಿ," ಎಂದುಬಿಟ್ಟ. ಶೇಷಮ್ಮ ಅವನನ್ನು ಒಂದು ನಿಮಿಷ ನೋಡಿದರು. ಆಟಕ್ಕೆ ಎಂದುಕೊಂಡರೊ, ಮನೆಯ ಜೋಡಿ ದೇವರ ಕಲ್ಯಾಣಕ್ಕೆ ಎಂದುಕೊಂಡರೊ, ಎರಡನ್ನೂ ಕಟ್ಟಿಕೊಟ್ಟರು.

ಆಪತ್ತು ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಹತ್ತಿತು. ಆಪತ್ತಿನ ಹೆಸರು ಗುಡ್ಡಮ್ಮ. ಇವರ ಪಕ್ಕದ ಮನೆಯಾಕೆ, ತಂಗಿಯ ಮನೆಯಿಂದ ವಾಪಸು ಬರುತ್ತಿದ್ದಳು. ಶಿಕಾರಿಪುರದಲ್ಲಿ ಒಂದು ಸೂಜಿ ಬಿದ್ದರೆ ಅದು ನೆಲ ಮುಟ್ಟುವುದರೊಳಗೆ ಗುಡ್ಡಮ್ಮನಿಗೆ ಗೊತ್ತಾಗುತ್ತದೆ, ಯಾರ ಸೂಜಿ ಎಂಬುದೂ ಗೊತ್ತಾಗುತ್ತದೆ. ಅವಳು ತೀರ್ಥೇಶನ ಪಕ್ಕವೇ ಕೂತಳು, ಬಸ್ಸು ಹೊರಟಿತು, ಕಿಟಕಿಯ ಗಾಳಿ ಬೀಸಿತು, ಅವನ ಮಡಿಲಿನ ಪೇಪರು ಹಾರಿತು. ಎರಡು ಪುಟ್ಟ ಬಾಸಿಂಗಗಳು ಬಸ್ಸಿನ ತುಂಬ ಮಿಂಚಿದವು.

"ಯಾರದಪ್ಪ ಇವು, ಇಷ್ಟು ಸಣ್ಣವು?"

ತೀರ್ಥೇಶನಿಗೆ ಗುಡ್ಡಮ್ಮನ ಸೊಸೆ ಲೋಕೇಶನ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ ಎಂಬುದು ನೆನಪಾಯಿತು. ಅಂಗಿಯ ಅಂಚಿನಿಂದ ಬಾಸಿಂಗ ಮುಚ್ಚಿದ. "ಶನಿವಾರ ಗೊತ್ತಾಗುತ್ತೆ ಗುಡ್ಡಕ್ಕ. ಈಗ ಬಾಯಿ ಬಿಟ್ರೆ ಜನ ತಡೀತಾರೆ."

ಈ ಉತ್ತರವನ್ನು ಇದಕ್ಕಿಂತ ಕೆಟ್ಟದಾಗಿ ಕೊಡಲು ವಕೀಲರನ್ನು ಇಟ್ಟುಕೊಂಡರೂ ಸಾಧ್ಯವಿರಲಿಲ್ಲ.

ಬಸ್ಸಿಳಿದ ಗುಡ್ಡಮ್ಮ ಮನೆಗೆ ಹೋಗಲಿಲ್ಲ, ರವಿಕೆಯ ನೆಪ ಮಾಡಿಕೊಂಡು ಸಣ್ಣಪ್ಪನ ಅಂಗಡಿಗೆ ಹೋದಳು. ಅವನ ಹೊಟ್ಟೆಯಲ್ಲಿ ಧಾರೆ ಸೀರೆ ಇತ್ತು, ಅವಳ ಹೊಟ್ಟೆಯಲ್ಲಿ ಜೋಡಿ ಬಾಸಿಂಗ. ಎರಡು ಹೊಟ್ಟೆ ಸೇರಿದ ಮೇಲೆ ಮದುವೆಗೆ ಇನ್ನೇನು ಕಡಿಮೆ?

"ನಾಲ್ಕನೇ ಕ್ಲಾಸು ಕಣೋ ಸಣ್ಣಪ್ಪ, ಇನ್ನೂ ಹಾಲು ಹಲ್ಲು ಬಿದ್ದಿಲ್ಲ," ಎಂದಳು ಗುಡ್ಡಮ್ಮ. ನಿಜವಾಗಿಯೂ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ನನ್ನ ಮಿಷನ್ನು ಈ ಪಾಪಕ್ಕೆ ತಿರುಗಲ್ಲಕ್ಕ. ಫೋನ್ ಮಾಡಾಣ."

ಫೋನು ಎರಡು ಕಡೆ ಹೋಯಿತು. ಒಂದು, ಮಕ್ಕಳ ರಕ್ಷಣೆಯ ಕೆಲಸ ನೋಡುವ ಜ್ಯೋತಿಲಕ್ಷ್ಮಿ ಮೇಡಂಗೆ. ಇನ್ನೊಂದು, ಕ್ಯಾಸನೂರಿನಲ್ಲಿದ್ದ ಶ್ರೀಲತಾಳ ಅಣ್ಣ ಧರ್ಮಪ್ಪನಿಗೆ. ಮೇಡಂ ಮೌನವಾಗಿ ಕೇಳಿ, ವಿಳಾಸ ಬರೆದುಕೊಂಡು, ಹಿಡಿಯುವುದಾದರೆ ಮದುವೆ ನಡೆಯುವ ಜಾಗದಲ್ಲೇ ಹಿಡಿಯಬೇಕು, ಅಲ್ಲಿಯವರೆಗೆ ಸದ್ದು ಮಾಡಬೇಡಿ ಎಂದರು. ಧರ್ಮಪ್ಪ ಮೌನವಾಗಿರಲಿಲ್ಲ.

"ಒಂಬತ್ತು ವರ್ಷದ ಕೂಸಿಗೆ ಮದುವೆ ಮಾಡೂದು ಒಂದು ತಪ್ಪು. ಸೋದರಮಾವನ್ನ ಕರೀದೆ ಮಾಡೂದು ಅದಕ್ಕಿಂತ ದೊಡ್ಡ ತಪ್ಪು. ನಾ ಬಂದು ನಿಲ್ಲಿಸ್ತೆ."

ಹೊರಡುವಾಗ ಕೈಯಲ್ಲೊಂದು ತಾಮ್ರದ ಕೊಡಪಾನ ಹಿಡಿದುಕೊಂಡ. ತಂಗಿಯ ಮನೆಯ ಶುಭಕಾರ್ಯಕ್ಕೆ ಬರಿಗೈಯಲ್ಲಿ ಹೋಗಿ ಅವನಿಗೆ ಅಭ್ಯಾಸವಿಲ್ಲ, ಆ ಕಾರ್ಯವನ್ನು ನಿಲ್ಲಿಸಲು ಹೋಗುವಾಗಲೂ.

ಶುಕ್ರವಾರ ಸಂಜೆ ಶ್ರೀಲತಾ ಸ್ವೆಟರು ತೆಗೆಯಲು ಟ್ರಂಕು ತೆರೆದಳು. ಆಮೇಲೆ ನಡೆದದ್ದನ್ನು ವಿವರವಾಗಿ ಬರೆದರೆ ಒಂದು ಯುದ್ಧಪರ್ವವಾದೀತು. ಸಾರಾಂಶ ಇಷ್ಟು: ತೀರ್ಥೇಶ ಮೊದಲ ನಿಮಿಷದಲ್ಲಿ ಇಲಿ ಎಂದ, ಎರಡನೆಯ ನಿಮಿಷದಲ್ಲಿ ಕಳ್ಳ ಎಂದ, ಮೂರನೆಯ ನಿಮಿಷದಲ್ಲಿ ಎಲ್ಲವನ್ನೂ ಹೇಳಿದ.

"ನನ್ನ ಧಾರೆ ಸೀರೆಗೆ ಕತ್ತರಿ ಹಾಕ್ಸಿದ್ಯಾ?"

"ರಾಜನಿಗೆ ಲತಾ."

"ಯಾವ ರಾಜ ಆದ್ರೇನು. ಸೀರೆ ಇದ್ದ ಹಂಗೇ ವಾಪಸು ಬರ್ಲಿಲ್ಲ ಅಂದ್ರೆ ನೀನೂ ಮನೆಗೆ ಬರ್ಬ್ಯಾಡ."

ಶನಿವಾರ ಬೆಳಿಗ್ಗೆ ಮೂವರೂ ಸಣ್ಣಪ್ಪನ ಅಂಗಡಿಗೆ ಓಡಿದರು. ಬಾಗಿಲಿಗೆ ಬೀಗ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, 'ಟೈಲರ್ ಸರ್ಕಾರಿ ಕೆಲಸದ ಮೇಲೆ ಹೋಗಿದ್ದಾರೆ' ಎಂದಿತ್ತು. ಬ್ಲೌಸು ಹೊಲಿಯುವವನಿಗೆ ಸರ್ಕಾರದಲ್ಲಿ ಯಾವ ಕೆಲಸವೆಂದು ತೀರ್ಥೇಶನಿಗೆ ಹೊಳೆಯಲಿಲ್ಲ. ನಾಗಶ್ರೀ ಯೂನಿಫಾರಂನಲ್ಲೇ ನಿಂತಿದ್ದಳು. ಬ್ಯಾಗು ತೆರೆದು, ಜಾಮಿಟ್ರಿ ಬಾಕ್ಸಿನಿಂದ ತೂಕದ ಚೀಟಿ ತೆಗೆದು, ಒಮ್ಮೆ ಓದಿ, ಮತ್ತೆ ಒಳಗಿಟ್ಟಳು. ತೀರ್ಥೇಶನಿಗೆ ಎದೆಯ ಮೇಲೆ ಹತ್ತು ಟನ್ನಿನ ಲಾರಿ ಹತ್ತಿಸಿ ನಿಲ್ಲಿಸಿದ ಹಾಗಾಯಿತು. ಲಾರಿಯ ಮೇಲೆ ಮೆಕ್ಕೆಜೋಳ ಬೇರೆ.

ತಾಳಗುಂದದಲ್ಲಿ ಆಗಲೇ ಶಾಮಿಯಾನ ಹಾಕಿತ್ತು. ಸುತ್ತ ಒಣಗಿ ನಿಂತ ಮೆಕ್ಕೆಜೋಳದ ಹೊಲ, ನಡುವೆ ದೇವಸ್ಥಾನ, ಎದುರಿಗೆ ಯಾರ ಗಡಿಬಿಡಿಯನ್ನೂ ಲೆಕ್ಕಿಸದೆ ಒಂದೂವರೆ ಸಾವಿರ ವರ್ಷದಿಂದ ನಿಂತ ಕಂಬ. ಮಾಸ್ತಮ್ಮ ಕಡುನೀಲಿ ವೆಲ್ವೆಟ್ಟಿನಲ್ಲಿ, ತಗಡಿನ ಕಿರೀಟದಲ್ಲಿ, ಕಾಡಿಗೆಯ ಮೀಸೆಯಲ್ಲಿ ಬೆವರುತ್ತಿದ್ದಳು. ಲೋಕೇಶ ಮೊಣಕಾಲೂರಿ ಅವಳ ಮೀಸೆ ತೀಡುತ್ತಿದ್ದ.

ನಾಗಶ್ರೀ ಬಾಸಿಂಗವನ್ನಾದರೂ ಕಟ್ಟಿಕೊಳ್ಳುತ್ತೇನೆ ಎಂದಳು. ಶ್ರೀಲತಾ ತುಟಿ ಕಚ್ಚಿಕೊಂಡು, ಯೂನಿಫಾರಂನಲ್ಲಿದ್ದವಳ ಹಣೆಗೇ ಅದನ್ನು ಕಟ್ಟಿದಳು. ಸರಿಯಾಗಿ ಆ ಕ್ಷಣಕ್ಕೆ ಜೀಪು ಬಂದು ನಿಂತಿತು.

ಮೊದಲು ಜ್ಯೋತಿಲಕ್ಷ್ಮಿ ಮೇಡಂ ಇಳಿದರು. ಹಿಂದೆ ಕಾನ್‌ಸ್ಟೇಬಲ್ ಉದಯ, ಎದೆಗೆ ಪೊಟ್ಟಣ ಅವಚಿಕೊಂಡ ಸಣ್ಣಪ್ಪ, ಗುಡ್ಡಮ್ಮ, ಕೊನೆಗೆ ಕೊಡಪಾನ ಹಿಡಿದ ಧರ್ಮಪ್ಪ. ಮೇಡಂ ಕಣ್ಣಿಗೆ ಶಾಮಿಯಾನ ಕಂಡಿತು, ದೇವಸ್ಥಾನ ಕಂಡಿತು, ಬಾಸಿಂಗ ಕಟ್ಟಿದ ಪುಟ್ಟ ಹುಡುಗಿ ಕಂಡಳು, ಪಕ್ಕದಲ್ಲಿ ವೆಲ್ವೆಟ್ಟು ತೊಟ್ಟು ಮೀಸೆ ಹೊತ್ತ ಪುಟ್ಟ ವರ ಕಂಡ. ಸಿಕ್ಕಿದ ಮಾಹಿತಿ ಅಕ್ಷರಶಃ ನಿಜವಾಗಿತ್ತು.

ಪೊಲೀಸನ್ನು ನೋಡಿದ್ದೇ, ಕುದುರೆ ಕಾವಲಿನವನ ಪಾತ್ರ ಮಾಡಬೇಕಿದ್ದ ಮಗು ಮರದ ಕುದುರೆ ಬಿಸಾಡಿ ಮೆಕ್ಕೆಜೋಳದೊಳಗೆ ಹೊಕ್ಕಿತು. ಮೇಡಂ ನೇರ ಲೋಕೇಶನ ಮುಂದೆ ನಿಂತರು.

"ಈ ಮಗುವಿಗೆ ಈ ವೇಷ ಹಾಕಿ ಕರ್ಕೊಂಡು ಬಂದೋರು ಯಾರು?"

ಬಟ್ಟೆ ನೋಡಲು ಬಂದ ತಜ್ಞರು ಇವರೇ ಎಂದುಕೊಂಡ ಲೋಕೇಶ ಎದ್ದು ಕೈಮುಗಿದ. "ನಾನೇ ಮೇಡಂ. ಬೆಳಿಗ್ಗೆ ಐದಕ್ಕೆ ಎದ್ದು ರೆಡಿ ಮಾಡಿದೀನಿ."

"ವಯಸ್ಸೆಷ್ಟು?"

"ಮುಂದಿನ ತಿಂಗಳಿಗೆ ಒಂಬತ್ತು."

"ನಿಮಗೆ ನಾಚಿಕೆ ಆಗಲ್ವಾ?"

"ನಾಚಿಕೆ ಯಾಕ್ ಮೇಡಂ, ಹೋದ ವರ್ಷನೂ ಮಾಡ್ಸಿದ್ದೆ. ಫಸ್ಟ್ ಪ್ರೈಜು ಬಂತು."

ಮೇಡಂ ಕೈಯ ಪೆನ್ನು ನಿಂತಿತು. "ಹೋದ ವರ್ಷನೂ?"

"ಅದ್ರ ಹಿಂದಿನ ವರ್ಷನೂ. ಎಲ್‌ಕೆಜಿಯಿಂದ ಒಂದು ವರ್ಷನೂ ತಪ್ಸಿಲ್ಲ. ಪ್ರತಿ ಸಲ ಬೇರೆ ಬೇರೆ ಥರ."

"ಮೇಡಂ," ಎಂದ ಉದಯ ಗಂಟಲು ತಗ್ಗಿಸಿ, "ಇದು ದೊಡ್ಡ ಕೇಸು."

ಈ ಕಡೆ ತೀರ್ಥೇಶನಿಗೆ ಜೀಪು ಬಂದದ್ದು ಏಕೆಂಬುದರಲ್ಲಿ ಸಂಶಯವೇ ಇರಲಿಲ್ಲ. ಹೆಂಡತಿ ಸೀರೆ ಕಳುವಿನ ದೂರು ಕೊಟ್ಟಿದ್ದಾಳೆ. ಅವನು ಎರಡೂ ಕೈ ಮುಂದೆ ಚಾಚಿಕೊಂಡು ಬಂದ. "ಮೇಡಂ, ಅವನನ್ನ ಬಿಡ್ರಿ. ಮಾಡಿದ್ದೆಲ್ಲ ನಾನೇ. ಮನೇಲಿ ಯಾರೂ ಇಲ್ದಾಗ ನಾನೇ ಎತ್ಕೊಂಡು ಹೋಗಿದ್ದು. ಹೆಂಡತಿಗೆ ನಿನ್ನೆ ಸಂಜೆ ಗೊತ್ತಾತು."

"ಕೇಳಿದ್ರಾ, ಬಾಯಿಬಿಟ್ಟು ಒಪ್ಕೊಂಡ," ಎಂದು ಗುಡ್ಡಮ್ಮ ಸೆರಗು ಬಾಯಿಗೆ ಹಿಡಿದಳು.

ಧರ್ಮಪ್ಪ ಕೊಡಪಾನವನ್ನು ನೆಲಕ್ಕೆ ಕುಕ್ಕಿದ. "ಭಾವ, ಒಂದು ಮಾತು ಹೇಳೂಕೆ ಆಗ್ಲಿಲ್ವಾ ನಿಮಗೆ? ಹೋಗ್ಲಿ, ಗಂಡಾದ್ರೂ ನಮ್ಮ ಕಡೆಯವಾ?"

"ಯಾವ ಗಂಡು?" ಎಂದಳು ಶ್ರೀಲತಾ.

ಎಲ್ಲರ ಬೆರಳೂ ಮಾಸ್ತಮ್ಮನ ಕಡೆ ತಿರುಗಿತು. ಇಷ್ಟು ಜನ ತನ್ನನ್ನೇ ನೋಡುತ್ತಿದ್ದದ್ದು ಕಂಡು ಆ ಮಗು ಕೈಯಿಂದ ಮುಖ ಒರೆಸಿಕೊಂಡಿತು. ಮೀಸೆ ಅರ್ಧ ಕೆನ್ನೆಗೆ ಹೋಯಿತು, ಕಿರೀಟ ಜಾರಿತು, ಎರಡು ಜಡೆ ಕೆಳಗಿಳಿದವು.

"ನಾನು ಹುಡುಗಿ," ಎಂದಳು ಮಾಸ್ತಮ್ಮ. "ನಾನು ಪಲ್ಲವ ರಾಜ."

ಅಷ್ಟರಲ್ಲಿ ವಾಣಿಶ್ರೀ ಟೀಚರು ಹಾಜರಿ ಪುಸ್ತಕ ಹಿಡಿದುಕೊಂಡು ಓಡಿ ಬಂದು, ಮೇಡಂಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆಮೇಲೆ ಮೊದಲು ನಕ್ಕವರು ಜ್ಯೋತಿಲಕ್ಷ್ಮಿ ಮೇಡಮ್ಮೇ. ನಗು ಅವರ ಕೊರಳಿನಲ್ಲಿ ಶುರುವಾಗಿ, ಉದಯನ ಹೊಟ್ಟೆಗೆ ದಾಟಿ, ಶಾಮಿಯಾನದ ನಾಲ್ಕೂ ಕಂಬ ಅಲ್ಲಾಡಿಸಿತು. ಆ ದಿನ ಶಿರಾಳಕೊಪ್ಪದಲ್ಲಿ ಮಲಗಿದ್ದ ನಾಯಿಗಳೂ ಎದ್ದು ಕೂತವಂತೆ. ನಗದೆ ಇದ್ದವರು ಇಬ್ಬರೇ: ಕಲ್ಲುಕಂಬ ಮತ್ತು ನಾಗಶ್ರೀ.

ಜಯಪ್ಪ ಮೇಷ್ಟ್ರು ಕೋಲೂರಿಕೊಂಡು ಮುಂದೆ ಬಂದರು. "ಹತ್ತೂವರೆ ಆತು. ಮಯೂರಶರ್ಮ ಯಾರು?"

"ನಾನು ಸರ್."

"ಬಟ್ಟೆ ಎಲ್ಲಿ?"

ತೀರ್ಥೇಶ ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ಅದರೊಳಗೆ ಮಾತಿರಲಿಲ್ಲ.

ಲೋಕೇಶ ಮಗಳನ್ನು ಮುಂದೆ ತಳ್ಳಿದ. ಮೇಷ್ಟ್ರು ಕೋಲಿನಿಂದ ಅವಳನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಬೆನ್ನ ಹಿಂದೆ ಬಗ್ಗಿ ನೋಡಿದರು. "ಜಿಪ್ಪು. ಕದಂಬರ ಕಾಲದಾಗೆ ಇದನ್ನ ಎಳೆದೋರು ಯಾರಪ್ಪ ಲೋಕೇಶ?"

ನಾಗಶ್ರೀ ಸಣ್ಣಪ್ಪನ ಪೊಟ್ಟಣ ನೋಡುತ್ತಿದ್ದಳು. ಕಾಗದದ ಸಂದಿಯಿಂದ ಕೆಂಪು ಅಂಚು ಇಣುಕುತ್ತಿತ್ತು. "ಸರ್," ಎಂದಳು, "ನನ್ನ ಬಟ್ಟೆ ಸಾಕ್ಷಿ ಹೇಳಾಕೆ ಬಂದೈತೆ."

ಸಣ್ಣಪ್ಪ ಪೊಟ್ಟಣ ಬಿಚ್ಚಿದ. ಶ್ರೀಲತಾ ಕಣ್ಣು ಮುಚ್ಚಿಕೊಂಡಳು, ತುಂಡುಗಳನ್ನು ನೋಡಲಾರೆ ಎಂದು.

"ಕಣ್ಣು ಬಿಡ್ರಿ ಅಕ್ಕ," ಎಂದ ಸಣ್ಣಪ್ಪ. "ಧಾರೆ ಸೀರೆಗೆ ನಮ್ಮಪ್ಪ ಕತ್ತರಿ ಹಾಕಿಲ್ಲ, ನಾನೂ ಹಾಕಲ್ಲ. ಸೂಜಿ ಮೊನೆನೂ ಮುಟ್ಟಿಸಿಲ್ಲ. ಮೂರು ದಿನದಿಂದ ಇದನ್ನ ಇಟ್ಕೊಂಡು ನಾನು ನಿದ್ದೆ ಮಾಡಿಲ್ಲ."

ಜಯಪ್ಪ ಮೇಷ್ಟ್ರ ಹುಬ್ಬು ಮೇಲೇರಿತು. "ಹೊಲಿಗೆ ಇಲ್ಲ?"

"ಒಂದು ಎಳೆನೂ ಇಲ್ಲ ಸಾರ್. ತಪ್ಪಾತು."

"ತಪ್ಪಲ್ಲಯ್ಯ, ಸರಿ ಆಗೈತೆ. ಆ ಕಾಲದ ಕಲ್ಲಿನ ಮೂರ್ತಿಗಳನ್ನ ನಾನು ನಲವತ್ತು ವರ್ಷದಿಂದ ನೋಡಿದೀನಿ. ಒಂದ್ರಾಗೂ ಗುಂಡಿ ಕಂಡಿಲ್ಲ, ಕಾಲರು ಕಂಡಿಲ್ಲ. ಉಟ್ಟಾರೆ, ಹೊದ್ದಾರೆ, ಅಷ್ಟೇ. ಇಲ್ಲಿ ಇರೋ ಬಟ್ಟೆಯೊಳಗೆ ಆ ಕಾಲಕ್ಕೆ ಹೋಗಬಲ್ಲದ್ದು ಈ ಸೀರೆ ಒಂದೇ." ಆಮೇಲೆ ಅವರ ಕೋಲು ನಾಗಶ್ರೀಯ ಹಣೆಯ ಕಡೆ ಏರಿತು. "ಇದನ್ನ ಯೋಚನೆ ಮಾಡಿದ್ದು ಯಾರು? ಪಟ್ಟ ಅಂದ್ರೆ ಎಲ್ಲಾರೂ ತಗಡಿನ ಕಿರೀಟ ತರ್ತಾರೆ. ಪಟ್ಟ ಅಂದ್ರೆ ಹಣೆಗೆ ಕಟ್ಟೋ ಪಟ್ಟಿ. ಅದಕ್ಕೇ ಅದನ್ನ ಕಟ್ಟೋದು ಅಂತಾರೆ, ಇಡೋದು ಅನ್ನಲ್ಲ. ಬಾಸಿಂಗ ಅದಕ್ಕೆ ಹತ್ತಿರದ ನೆಂಟ."

ತೀರ್ಥೇಶನ ಎದೆ ಉಬ್ಬಿ ಮೇಲಿನ ಗುಂಡಿ ಹಾರಿತು. "ರಕ್ತದಾಗೆ ಐತೆ ಸರ್," ಎಂದ.

ಶ್ರೀಲತಾ ತಾನೇ ಸೀರೆಯನ್ನು ಎರಡು ಮಡಿಕೆ ಮಾಡಿ ಕಚ್ಚೆ ಹಾಕಿ ಉಡಿಸಿದಳು, ಉಳಿದರ್ಧವನ್ನು ಹೆಗಲಿಗೆ ಹೊದಿಸಿದಳು. ಉಡಿಸುವಾಗ ಸೆರಗಿನ ಆ ಅಕ್ಷತೆಯ ಕಾಳು ಕಂಡಿತು. ಅದನ್ನು ಕೀಳಲಿಲ್ಲ. ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಮನೆಗೆ ಬರಬಹುದು ಎಂದಿತ್ತು. ಆರು ಗಜದ ರೇಷ್ಮೆ ಸುತ್ತಿಕೊಂಡ ಮಯೂರಶರ್ಮ ಈಗ ಇಪ್ಪತ್ತೈದು ಕೆಜಿ ದಾಟಿದ್ದ.

ಕುದುರೆ ಕಾವಲಿನವನು ಮಾತ್ರ ಮೆಕ್ಕೆಜೋಳದಿಂದ ಹೊರಬರಲು ಒಪ್ಪಲಿಲ್ಲ. ಮೇಷ್ಟ್ರ ಕಣ್ಣು ಉದಯನ ಲಾಠಿಯ ಮೇಲೆ ಬಿತ್ತು.

"ಸಾರ್, ನಾನು ಡ್ಯೂಟಿ ಮೇಲೆ ಅದೀನಿ," ಎಂದ ಉದಯ.

"ಅವನೂ ಡ್ಯೂಟಿ ಮೇಲೇ ಇದ್ದ," ಎಂದರು ಮೇಷ್ಟ್ರು.

ಹೀಗೆ ಮರದ ಕುದುರೆ ಏರಿದ ಉದಯ, ಮಾತು ಬಾಯಿಗೆ ಬಾರದೆ, ಮಯೂರಶರ್ಮನನ್ನು ತಡೆದು ತನಗೆ ಗೊತ್ತಿದ್ದದ್ದನ್ನೇ ಕೇಳಿದ: "ಲೈಸೆನ್ಸ್ ತೋರ್ಸು."

"ಕುದುರೆ ನಿನ್ನದು," ಎಂದಳು ನಾಗಶ್ರೀ, ಒಂದು ಕ್ಷಣವೂ ತಡವರಿಸದೆ. "ನೀನು ತೋರ್ಸು." ಅವನ ಕೈಯ ಲಾಠಿ ಕಿತ್ತುಕೊಂಡು, ದರ್ಭೆ ಬಿಸಾಡಿ, ಕತ್ತಿಯ ಹಾಗೆ ಮೇಲೆತ್ತಿದಳು. ಜನ ಎದ್ದು ನಿಂತರು. ಕಂಬದ ನೆರಳು ಕೂಡ ಒಂದು ಇಂಚು ಉದ್ದವಾಯಿತು ಎಂದು ತೀರ್ಥೇಶ ಇವತ್ತಿಗೂ ಆಣೆ ಮಾಡುತ್ತಾನೆ.

ಪಟ್ಟ ಕಟ್ಟಲು ಮಾಸ್ತಮ್ಮ ವೆಲ್ವೆಟ್ಟು ಕಳಚಿ, ಧರ್ಮಪ್ಪನ ಜರಿ ಶಾಲು ಹೊದ್ದು ಬಂದಳು. ಶೇಷಮ್ಮನ ಮಾತಿನಂತೆ ಜೋಡಿ ಅಗಲುವಂತಿರಲಿಲ್ಲ, ಎರಡನೆಯ ಬಾಸಿಂಗ ಅವಳ ಹಣೆಗೆ ಹೋಯಿತು, ಮೊದಲನೆಯದನ್ನು ಬಿಚ್ಚಿ ಅವಳ ಕೈಯಿಂದಲೇ ನಾಗಶ್ರೀಗೆ ಮತ್ತೆ ಕಟ್ಟಿಸಿದರು. ಅಭಿಷೇಕಕ್ಕೆ ಪಾತ್ರೆ ಬೇಕೆಂದಾಗ ಧರ್ಮಪ್ಪ ಹೆಮ್ಮೆಯಿಂದ ಕೊಡಪಾನ ತುಂಬಿಕೊಂಡು ಬಂದ.

"ಅಣ್ಣ, ಹನಿ ಮಾತ್ರ," ಎಂದಳು ಶ್ರೀಲತಾ. "ಸೀರೆ ಮೇಲೆ ಚೆಲ್ಲಿದ್ರೆ ನಾನೇ ಕೇಸು ಹಾಕ್ತೀನಿ."

ಜ್ಯೋತಿಲಕ್ಷ್ಮಿ ಮೇಡಂ ಕೊನೆಯವರೆಗೂ ಕೂತು ನೋಡಿ, ಎರಡು ಲಡ್ಡು ತಿಂದು, ವರದಿಯಲ್ಲಿ ಹೀಗೆ ಬರೆದರು: 'ಸ್ಥಳಕ್ಕೆ ಭೇಟಿ ನೀಡಲಾಗಿ, ಯಾವುದೇ ವಿವಾಹ ನಡೆದಿರುವುದಿಲ್ಲ. ಒಂದು ಪಟ್ಟಾಭಿಷೇಕ ನಡೆದಿರುತ್ತದೆ.' ಹೊರಡುವಾಗ ಗುಡ್ಡಮ್ಮನ ಮತ್ತು ಸಣ್ಣಪ್ಪನ ಕೈ ಕುಲುಕಿ, ಮುಂದೆಯೂ ಹೀಗೇ ಫೋನ್ ಮಾಡಿ ಎಂದರು. ಆ ಮಾತಿನ ಪರಿಣಾಮವನ್ನು ನಮ್ಮ ಬೀದಿ ಇನ್ನೂ ಅನುಭವಿಸುತ್ತಿದೆ.

ಭಾನುವಾರ ಬೆಳಿಗ್ಗೆ ತೀರ್ಥೇಶ ಕಾಫಿ ಹಿಡಿದು ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಎದುರು ನೋಡಿದ. ಮೊಳೆಯಲ್ಲಿ ಮೆಕ್ಕೆಜೋಳದ ತೆನೆ ಇರಲಿಲ್ಲ. ಆ ಜಾಗದಲ್ಲಿ ಪುಟ್ಟ ಬಾಸಿಂಗ ನೇತಾಡುತ್ತಿತ್ತು. ಕೆಳಗೆ ಟೀಪಾಯಿಯ ಮೇಲೆ ಅವನ ಸಹಿಯಿದ್ದ ತೂಕದ ಚೀಟಿ, ನಾಲ್ಕು ತುಂಡಾಗಿ ಹರಿದು, ನೀಟಾಗಿ ಜೋಡಿಸಿಟ್ಟಿತ್ತು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ, ಆದರೂ ಪಾಯಸದ ಹಾಗಿತ್ತು.

ಬಾಗಿಲಲ್ಲಿ ಗುಡ್ಡಮ್ಮ ಕಾಣಿಸಿಕೊಂಡಳು. ನಿನ್ನೆಯ ಅವಮಾನ ಅವಳ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಮೊಳೆಯ ಕಡೆ ಕತ್ತು ಚಾಚಿದಳು.

"ಒಂದೇ ಐತಲ್ಲ. ಇನ್ನೊಂದೆಲ್ಲಿ?"

"ಮಾಸ್ತಮ್ಮ ಬಿಚ್ಚಿ ಕೊಡ್ಲೇ ಇಲ್ಲ. ಲೋಕೇಶನ ಮನ್ಯಾಗೆ ತೂಗುಹಾಕ್ಯಾರೆ."

ಗುಡ್ಡಮ್ಮ ಹೊಸ್ತಿಲ ಮೇಲೆ ನಿಂತು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಜೋಡಿ ಬಾಸಿಂಗ, ಒಂದೇ ದಿನ, ಒಂದೇ ಜಾಗ, ಈ ಮನೆಗೊಂದು, ಆ ಮನೆಗೊಂದು.

"ಹಂಗಾರೆ ನೀನೂ ಲೋಕೇಶನೂ ಈಗ ಬೀಗರು," ಎಂದವಳು, ಸೆರಗು ಸಿಕ್ಕಿಸಿಕೊಂಡು ಬೇಗ ಬೇಗ ಸಣ್ಣಪ್ಪನ ಅಂಗಡಿಯ ಕಡೆ ಹೊರಟಳು.